ಹೃದಯದ ಆಪರೇಷನ್ ಆದವರಿಗೆ ಲಕ್ವ ಯಾಕೆ ಹೊಡೆಯುತ್ತೆ? ವಾಲ್ವ್, ಸ್ಟೆಂಟ್, ಪೇಸ್‌ಮೇಕರ್ ಇರುವವರು ತಿಳಿದಿರಬೇಕಾದ ಮಾಹಿತಿ

ಶಿರಾಳಕೊಪ್ಪ: ಬೆಂಗಳೂರಲ್ಲೋ ಮಣಿಪಾಲದಲ್ಲೋ ಹೃದಯದ ಆಪರೇಷನ್ ಮುಗಿಸಿ ಮನೆಗೆ ಬಂದವರನ್ನು ನೋಡಲು ನೆಂಟರಿಷ್ಟರು ಬರುತ್ತಾರೆ. ‘ದೊಡ್ಡ ಗಂಡಾಂತರ ಕಳೀತು, ಇನ್ನು ಚಿಂತೆ ಇಲ್ಲ ಬಿಡಿ’ ಅಂತ ಹೇಳಿ ಹೋಗುತ್ತಾರೆ. ಲೋಹದ ವಾಲ್ವ್ ಹಾಕಿಸಿಕೊಂಡು ಬಂದವರ ವಿಷಯದಲ್ಲಿ ಈ ಮಾತು ಅರ್ಧ ಮಾತ್ರ ನಿಜ. ಆಪರೇಷನ್ ಟೇಬಲ್ ಮೇಲಿನ ಅಪಾಯ ಕೆಲವು ಗಂಟೆಗಳದ್ದು. ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟುವ ಅಪಾಯ ಜೀವನಪೂರ್ತಿ ಇರುತ್ತದೆ. ಅದನ್ನು ತಡೆಯುವುದು ದಿನಕ್ಕೊಂದು ಸಣ್ಣ ಮಾತ್ರೆ ಮತ್ತು ಹೆಚ್ಚುಕಡಿಮೆ ತಿಂಗಳಿಗೊಂದು ರಕ್ತ ಪರೀಕ್ಷೆ. ದೊಡ್ಡ ಆಸ್ಪತ್ರೆಯಿಂದ ದೂರ ಇರುವ ನಮ್ಮಂಥ ಊರುಗಳಲ್ಲಿ ತಪ್ಪಿಹೋಗುವುದೂ ಇವೆರಡೇ.

ಹೆಪ್ಪು ಎಲ್ಲಿಂದ ಬರುತ್ತೆ?

ರಕ್ತ ಹರಿಯುತ್ತಾ ಇದ್ದರೆ ನೀರಾಗಿರುತ್ತದೆ. ನಿಂತರೆ ಅಥವಾ ತನ್ನದಲ್ಲದ ವಸ್ತುವನ್ನು ಮುಟ್ಟಿದರೆ ಹೆಪ್ಪುಗಟ್ಟಲು ಶುರು ಮಾಡುತ್ತದೆ. ಗಾಯವಾದಾಗ ಇದೇ ಗುಣ ಜೀವ ಉಳಿಸುತ್ತದೆ. ಹೃದಯದೊಳಗೆ ಹೀಗಾದರೆ ಮಾತ್ರ ಕಷ್ಟ. ಎಡಭಾಗದ ಹೃದಯದಿಂದ ಹೊರಟ ಕಡಲೆಕಾಳಿನಷ್ಟು ಹೆಪ್ಪು ಕುತ್ತಿಗೆಯ ರಕ್ತನಾಳ ಹಿಡಿದು ಮಿದುಳಿಗೆ ಹೋಗಿ ಸಿಕ್ಕಿಕೊಂಡರೆ ಅದೇ ಸ್ಟ್ರೋಕ್, ನಮ್ಮ ಕಡೆ ಹೇಳುವ ಲಕ್ವ.

ಬೈಪಾಸ್ ಆಪರೇಷನ್ ವೇಳೆ ಲಕ್ವ ಹೊಡೆಯುವುದು ನೂರರಲ್ಲಿ ಒಬ್ಬಿಬ್ಬರಿಗೆ. ವಾಲ್ವ್ ಆಪರೇಷನ್‌ನಲ್ಲಿ ಸ್ವಲ್ಪ ಹೆಚ್ಚು. ಮಹಾಧಮನಿಗೆ ಕ್ಲಾಂಪ್ ಹಾಕುವಾಗ ಅದರೊಳಗೆ ಕಟ್ಟಿಕೊಂಡ ಸುಣ್ಣದಂಥ ಚೂರು ಕಿತ್ತುಬರಬಹುದು. ಹೃದಯ ತೆರೆದಾಗ ಗಾಳಿಗುಳ್ಳೆ ಸೇರಬಹುದು. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ಹಿಂದೊಮ್ಮೆ ಲಕ್ವ ಆದವರಿಗೆ ಈ ಅಪಾಯ ಜಾಸ್ತಿ. ಆಪರೇಷನ್ ಆಗಿ ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಎದೆಬಡಿತ ತಾಳ ತಪ್ಪುವುದೂ (ಏಟ್ರಿಯಲ್ ಫಿಬ್ರಿಲೇಷನ್) ಸಾಮಾನ್ಯ. ಸುಮಾರು ಮೂರರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಆಗ ಹೃದಯದ ಮೇಲಿನ ಕೋಣೆ ಸರಿಯಾಗಿ ಕುಗ್ಗದೆ ಬರೀ ಅದುರುತ್ತದೆ, ರಕ್ತ ಅಲ್ಲೇ ಮೂಲೆಯಲ್ಲಿ ನಿಂತು ಹೆಪ್ಪಾಗುತ್ತದೆ.

ಇದಿಷ್ಟೂ ಆಸ್ಪತ್ರೆಯೊಳಗೆ, ಡಾಕ್ಟರ ಕಣ್ಣೆದುರು ನಡೆಯುವಂಥದ್ದು. ಮನೆಗೆ ಬಂದಮೇಲಿನದು ಬೇರೆ ಕತೆ.

ಲೋಹದ ವಾಲ್ವ್, ಟಿಕ್ ಟಿಕ್ ಸದ್ದು

ಹಳ್ಳಿಗಳಲ್ಲಿ 25-30 ವರ್ಷದ ಹೆಂಗಸರಿಗೂ ವಾಲ್ವ್ ಆಪರೇಷನ್ ಆಗಿರುವುದನ್ನು ಕಾಣಬಹುದು. ಬಹಳಷ್ಟು ಸಲ ಇದಕ್ಕೆ ಕಾರಣ ಬಾಲ್ಯದ ಗಂಟಲುನೋವು, ಕೀಲುನೋವಿನ ಜ್ವರ. ರುಮ್ಯಾಟಿಕ್ ಜ್ವರ ಅನ್ನುವ ಇದು ಹೋಗುವಾಗ ಹೃದಯದ ವಾಲ್ವ್ ಕೆಡಿಸಿ ಹೋಗುತ್ತದೆ. ಗೊತ್ತಾಗುವುದು ಎಷ್ಟೋ ವರ್ಷದ ಮೇಲೆ, ಉಸಿರು ಕಟ್ಟಿದಾಗ ಇಲ್ಲವೇ ಬಸುರಾದಾಗ.

ಹಾಕುವ ವಾಲ್ವ್ ಎರಡು ಬಗೆ. ಪ್ರಾಣಿಯ ಅಂಗಾಂಶದಿಂದ ಮಾಡಿದ್ದಕ್ಕೆ ರಕ್ತ ತೆಳು ಮಾಡುವ ಮಾತ್ರೆ ಸಾಮಾನ್ಯವಾಗಿ ಮೊದಲ 3ರಿಂದ 6 ತಿಂಗಳು ಸಾಕು. ಆದರೆ ಅದು 10-15 ವರ್ಷಕ್ಕೆ ಸವೆಯುತ್ತದೆ, ಚಿಕ್ಕ ವಯಸ್ಸಿನವರಲ್ಲಿ ಇನ್ನೂ ಬೇಗ. ಇದು ಹಂದಿಯದೋ, ದನದ್ದೋ ಎಂಬ ಪ್ರಶ್ನೆ ಕೆಲವು ಮನೆಗಳಲ್ಲಿ ಏಳುತ್ತದೆ. ಕೇಳಲು ಸಂಕೋಚ ಬೇಡ, ಆದರೆ ಆಪರೇಷನ್‌ಗೆ ಮೊದಲೇ ಕೇಳಬೇಕು. ಎರಡನೆಯದು ಲೋಹದ ವಾಲ್ವ್. ದಶಕಗಟ್ಟಲೆ ಬಾಳುತ್ತದೆ, ಆದರೆ ಮಾತ್ರೆ ಜೀವನಪೂರ್ತಿ.

ನಮ್ಮ ದೇಶದಲ್ಲಿ ಲಕ್ಷಕ್ಕೂ ಹೆಚ್ಚು ಜನರಿಗೆ ಹಾಕಿರುವ ಚಿತ್ರಾ ವಾಲ್ವ್ ತಯಾರಾಗಿದ್ದು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ. ವಿದೇಶಿ ವಾಲ್ವ್ ಬಡವರ ಕೈಗೆ ಸಿಗದ ಕಾಲದಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ಇದಕ್ಕೆ ಕೈಹಾಕಿತು. ಮೊದಲ ಮಾದರಿಗಳು ಒಂದರ ಹಿಂದೊಂದು ಸೋತವು. ಕೊನೆಗೆ ಗೆದ್ದ ಮಾದರಿಯನ್ನು ಮೊದಲ ಬಾರಿ ರೋಗಿಗೆ ಹಾಕಿದ್ದು 1990ರ ಡಿಸೆಂಬರ್‌ನಲ್ಲಿ. ವಲಿಯತ್ತಾನ್ ಮುಂದೆ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಬೆಲೆ ಇಳಿಯಿತು, ವಾಲ್ವ್ ಬಡವರಿಗೂ ದಕ್ಕಿತು. ಆದರೆ ಲೋಹ ಲೋಹವೇ. ದೇಶಿಯಾಗಲಿ ವಿದೇಶಿಯಾಗಲಿ, ಅದನ್ನು ರಕ್ತ ತನ್ನದೆಂದು ಒಪ್ಪಿಕೊಳ್ಳುವುದಿಲ್ಲ.

ಲೆಕ್ಕ ಹೀಗಿದೆ: ಲೋಹದ ವಾಲ್ವ್ ಇದ್ದು ಮಾತ್ರೆ ತಗೊಳ್ಳದಿದ್ದರೆ ವರ್ಷಕ್ಕೆ ನೂರರಲ್ಲಿ ಸುಮಾರು ನಾಲ್ವರಿಗೆ ದೊಡ್ಡ ಹೆಪ್ಪು ಹೋಗಿ ಮಿದುಳಿಗೋ ಬೇರೆ ಅಂಗಕ್ಕೋ ಹೊಡೆತ. ಸರಿಯಾಗಿ ತಗೊಂಡರೆ ಅದು ಒಬ್ಬರಿಗೆ ಇಳಿಯುತ್ತದೆ. ವಾಲ್ವೇ ಹೆಪ್ಪು ಹಿಡಿದು ಜಾಮ್ ಆಗುವುದು ಇದಲ್ಲದೆ ಬೇರೆ.

ರಾತ್ರಿ ನಿಶ್ಶಬ್ದದಲ್ಲಿ ಲೋಹದ ವಾಲ್ವ್‌ನ ಟಿಕ್ ಟಿಕ್ ಸದ್ದು ಪಕ್ಕದಲ್ಲಿ ಮಲಗಿದವರಿಗೂ ಕೇಳುವುದುಂಟು. ದಿನಾ ಕೇಳುತ್ತಿದ್ದ ಆ ಸದ್ದು ಮಂದವಾದರೆ ಅಥವಾ ನಿಂತರೆ, ಜೊತೆಗೆ ಉಸಿರು ಕಟ್ಟಿದರೆ, ಅದು ವಾಲ್ವ್ ಜಾಮ್ ಆಗುತ್ತಿರುವ ಸೂಚನೆ ಇರಬಹುದು. ಬೆಳಗಾಗಲಿ ಅಂತ ಕಾಯಬಾರದು.

ಮಾತ್ರೆಯ ಹಿಂದಿನ ಕತೆ

ವಾರ್ಫರಿನ್ ಮತ್ತು ಅಸೆನೊಕೌಮರಾಲ್ ಇಲ್ಲಿ ಹೆಚ್ಚು ಬಳಕೆಯಲ್ಲಿರುವ ಎರಡು ಮಾತ್ರೆಗಳು. ಎರಡನೆಯದು ‘ಏಸಿಟ್ರಾಮ್’ ಹೆಸರಿನಲ್ಲೇ ಹೆಚ್ಚು ಪರಿಚಿತ. ಇವುಗಳ ಮೂಲ ದನದ ಕೊಟ್ಟಿಗೆಯಲ್ಲಿದೆ. 1933ರ ಚಳಿಗಾಲದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ರೈತನೊಬ್ಬ ಸತ್ತ ಕಡಸು ಮತ್ತು ಹಾಲಿನ ಕ್ಯಾನ್‌ನಲ್ಲಿ ಹೆಪ್ಪುಗಟ್ಟದ ರಕ್ತ ತಗೊಂಡು, ಹಿಮ ಸುರಿಯುವಾಗ ಮುನ್ನೂರು ಕಿ.ಮೀ. ಆಸುಪಾಸು ಗಾಡಿ ಓಡಿಸಿ ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿಯ ಹತ್ತಿರ ಬಂದ. ಬೂಸ್ಟು ಹಿಡಿದ ಕ್ಲೋವರ್ ಹುಲ್ಲು ತಿಂದ ದನಗಳು ರಕ್ತ ಸುರಿದು ಸಾಯುತ್ತಿದ್ದವು. ಆ ಹುಲ್ಲಿನಲ್ಲಿ ಸಿಕ್ಕ ವಸ್ತುವಿನ ತಳಿಯೇ ವಾರ್ಫರಿನ್. 1948ರಲ್ಲಿ ಅದು ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರ ಹೊತ್ತಿಗೆ ಮನುಷ್ಯರಿಗೆ ಔಷಧವಾಯಿತು. ‘ಇಲಿ ಪಾಷಾಣ ಕೊಡ್ತಿದಾರೆ’ ಅಂತ ಯಾರೋ ಹೇಳಿದ್ದು ಕೇಳಿ ಮಾತ್ರೆ ಬಿಡುವವರಿದ್ದಾರೆ. ಪ್ರಮಾಣವೇ ಇಲ್ಲಿ ಎಲ್ಲ. ಆ ಪ್ರಮಾಣ ಸರಿಯಿದೆಯೋ ಎಂದು ನೋಡುವುದಕ್ಕೇ ಪಿಟಿ-ಐಎನ್‌ಆರ್ ಪರೀಕ್ಷೆ ಇರುವುದು.

ಮಾತ್ರೆ ತಗೊಳ್ಳದವರ ಐಎನ್‌ಆರ್ 1ರ ಹತ್ತಿರ ಇರುತ್ತದೆ. ಲೋಹದ ವಾಲ್ವ್ ಇರುವವರಿಗೆ ಅಯೋರ್ಟಿಕ್ ಜಾಗದಲ್ಲಾದರೆ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್ ಜಾಗದಲ್ಲಾದರೆ 2.5ರಿಂದ 3.5 ಇರಬೇಕು. ನಿಮ್ಮ ಸಂಖ್ಯೆ ಎಷ್ಟಿರಬೇಕು ಎಂದು ಡಿಸ್‌ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಕಡಿಮೆಯಾದರೆ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ. ಎರಡರಿಂದಲೂ ಲಕ್ವ ಹೊಡೆಯಬಹುದು: ಒಂದರಲ್ಲಿ ನಾಳ ಕಟ್ಟಿಕೊಂಡು, ಇನ್ನೊಂದರಲ್ಲಿ ಮಿದುಳಿನೊಳಗೆ ರಕ್ತ ಸುರಿದು.

ಆಪರೇಷನ್ ಖರ್ಚಿಗೆ ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ನೆರವಿದೆ. ಕೈ ಕಟ್ಟಿಹಾಕುವುದು ಅದರ ನಂತರದ ಸಣ್ಣ ಸಣ್ಣ ಖರ್ಚು. ಇಲ್ಲಿಂದ ಶಿವಮೊಗ್ಗ ಸುಮಾರು 70 ಕಿ.ಮೀ. ಪರೀಕ್ಷೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಹಾಗಾಗಿ ‘ಚೆನ್ನಾಗೇ ಇದೀನಲ್ಲ, ಮುಂದಿನ ತಿಂಗಳು ನೋಡೋಣ’ ಅನ್ನುವುದು ಸಹಜ. ಐಎನ್‌ಆರ್ ಏರುಪೇರಾದರೆ ಮೈಗೆ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಹತ್ತಿರದ ಯಾವ ಲ್ಯಾಬಿನಲ್ಲಿ ಈ ಪರೀಕ್ಷೆ ಆಗುತ್ತೆ ಎಂದು ವಿಚಾರಿಸಿ ಪ್ರತಿ ಸಲ ಅಲ್ಲೇ ಮಾಡಿಸಿ, ರಿಪೋರ್ಟನ್ನು ಡಾಕ್ಟರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಸಾಕೇ ಎಂದು ಮೊದಲೇ ಕೇಳಿಕೊಂಡರೆ ಎಷ್ಟೋ ಓಡಾಟ ತಪ್ಪುತ್ತದೆ.

‘ರಕ್ತ ಪರೀಕ್ಷೆ ಬೇಡದ ಹೊಸ ಮಾತ್ರೆ ಬಂದಿದೆಯಂತಲ್ಲ’ ಎಂದು ಕೇಳುವವರಿದ್ದಾರೆ. ಬಂದಿರುವುದು ನಿಜ. ಆದರೆ ಲೋಹದ ವಾಲ್ವ್ ಇರುವವರಿಗೆ ಅವು ಆಗಿಬರುವುದಿಲ್ಲ. ಡಾಬಿಗಾಟ್ರಾನ್ ಮಾತ್ರೆಯ ಪ್ರಯೋಗವನ್ನು 2012ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು, ಹೆಪ್ಪೂ ಹೆಚ್ಚಾಯಿತು, ರಕ್ತಸ್ರಾವವೂ ಹೆಚ್ಚಾಯಿತು. ಅಪಿಕ್ಸಾಬಾನ್‌ನದೂ 2022ರಲ್ಲಿ ಹಾಗೇ ನಿಂತಿತು. ವಾಲ್ವ್ ಬದಲಿಸದಿದ್ದರೂ ರುಮ್ಯಾಟಿಕ್ ಕಾಯಿಲೆ ಜೊತೆ ಎದೆಬಡಿತ ತಾಳ ತಪ್ಪಿದವರಿಗೆ ಹಳೆಯ ಮಾತ್ರೆಯೇ ಮೇಲು ಎಂದು ಅದೇ ವರ್ಷ ಭಾರತವೂ ಸೇರಿ 24 ದೇಶಗಳಲ್ಲಿ ನಡೆದ ಇನ್ವಿಕ್ಟಸ್ ಅಧ್ಯಯನ ತೋರಿಸಿತು.

ಸೊಪ್ಪು, ಉಪವಾಸ, ನಾಟಿ ಔಷಧ

ಸೊಪ್ಪು ತಿನ್ನಲೇಬಾರದು ಅನ್ನುವುದು ತಪ್ಪು ತಿಳಿವಳಿಕೆ. ಹರಿವೆ, ಬಸಳೆ, ನುಗ್ಗೆಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಗೆ ಎದುರಾಳಿ. ಆದರೆ ವಾರಕ್ಕೆ ಎಷ್ಟು ತಿನ್ನುತ್ತೀರೋ ಅಷ್ಟನ್ನೇ ತಿನ್ನುತ್ತಿದ್ದರೆ ಡೋಸ್ ಅದಕ್ಕೆ ತಕ್ಕಂತೆ ಹೊಂದುತ್ತದೆ. ತಿಂಗಳುಗಟ್ಟಲೆ ಬಿಟ್ಟು, ಮಳೆಗಾಲದಲ್ಲಿ ಹಿತ್ತಲಲ್ಲಿ ಬೆಳೆಯಿತು ಅಂತ ದಿನಾ ತಿಂದರೆ ಐಎನ್‌ಆರ್ ಇಳಿಯುತ್ತದೆ. ರೋಜಾ ಇರುವವರು, ಏಕಾದಶಿ ಮಾಡುವವರು ಮಾತ್ರೆ ಬಿಡಬೇಕಾಗಿಲ್ಲ. ದಿನಕ್ಕೆ ಒಂದೇ ಹೊತ್ತಿನದಾದ್ದರಿಂದ ಸಂಜೆ ಹೊತ್ತಿಗೆ ಹೊಂದಿಸಿಕೊಳ್ಳಬಹುದು, ಡಾಕ್ಟರಿಗೆ ಹೇಳಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ.

ಕಷಾಯ, ಬೇರು, ಚೂರ್ಣ ಯಾವುದೇ ಇರಲಿ, ಶುರು ಮಾಡುವ ಮುಂಚೆ ಡಾಕ್ಟರಿಗೆ ತಿಳಿಸಿ. ಮೆಡಿಕಲ್ ಶಾಪ್ ನಡೆಸುವವರ ಪಾಲೂ ಇಲ್ಲಿ ದೊಡ್ಡದು. ಮೈಕೈ ನೋವು ಅಂದವರಿಗೆ ಡೈಕ್ಲೋಫೆನಾಕ್, ಭೇದಿ ಅಂದವರಿಗೆ ಮೆಟ್ರೋನಿಡಜೋಲ್ ಕೊಡುವ ಮುಂಚೆ ‘ವಾಲ್ವ್ ಮಾತ್ರೆ ತಗೊಳ್ತೀರಾ?’ ಎಂದು ಒಂದು ಮಾತು ಕೇಳಿದರೆ ಒಂದು ಜೀವ ಉಳಿಯಬಹುದು. ಮೊದಲನೆಯದು ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಿಸಬಹುದು, ಎರಡನೆಯದು ಐಎನ್‌ಆರ್ ಏರಿಸುತ್ತದೆ. ವಾರ್ಫರಿನ್ ಬದಲು ಅಸೆನೊಕೌಮರಾಲ್ ಕೊಡುವುದು, 1 ಮಿ.ಗ್ರಾಂ. ಇಲ್ಲ ಅಂತ 2 ಮಿ.ಗ್ರಾಂ. ಸ್ಟ್ರಿಪ್ ಕೈಗಿಡುವುದು ಬೇಡವೇ ಬೇಡ.

ಹಲ್ಲು ಕೀಳಿಸಲು ಹೋಗುವವರು ತಾವಾಗಿಯೇ ಮಾತ್ರೆ ನಿಲ್ಲಿಸುವುದು ಇನ್ನೊಂದು ಅಪಾಯ. ಮೊದಲೇ ಐಎನ್‌ಆರ್ ನೋಡಿಕೊಂಡು ಮಾತ್ರೆ ಬಿಡದೆಯೇ ಹಲ್ಲು ಕೀಳುವುದು ಬಹಳ ಸಲ ಸಾಧ್ಯ. ಲೋಹದ ವಾಲ್ವ್ ಇರುವ ಹೆಣ್ಣುಮಕ್ಕಳು ಮಗು ಬೇಕು ಅಂದುಕೊಂಡಾಗಲೇ ಹೃದಯದ ಡಾಕ್ಟರನ್ನು ಕಾಣಬೇಕು, ಮುಟ್ಟು ನಿಂತಮೇಲೆ ಅಲ್ಲ. ಈ ಮಾತ್ರೆ ಮೊದಲ ಮೂರು ತಿಂಗಳಲ್ಲಿ ಮಗುವಿಗೆ ಊನ ಮಾಡಬಹುದು. ಹೆದರಿ ಬಿಟ್ಟರೆ ತಾಯಿಯ ವಾಲ್ವ್ ಕಟ್ಟಿಕೊಳ್ಳಬಹುದು. ಹೆಪಾರಿನ್ ಇಂಜೆಕ್ಷನ್‌ಗೆ ಯಾವಾಗ ಬದಲಾಯಿಸಬೇಕು ಎಂಬುದನ್ನು ಅವರೇ ಹೇಳಬೇಕು.

ಜ್ವರ ಬಂದರೆ, ಬಿದ್ದರೆ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ರಕ್ತಸ್ರಾವ ಮಾಡಿಸುವ ಜ್ವರ. ಡೆಂಗಿಯಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ಇವೆರಡೂ ಇಮ್ಮಡಿ ಅಪಾಯ. ಜ್ವರ ಬಂದರೆ ಅಂಗಡಿಯ ನೋವಿನ ಮಾತ್ರೆ ನುಂಗಿ ಮಲಗದೆ, ವಾಲ್ವ್ ವಿಷಯ ಹೇಳಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿದರೆ ಶುದ್ಧ ಬಟ್ಟೆಯಿಂದ 10-15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದರೆ ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಮಲ ಟಾರಿನಂತೆ ಕಪ್ಪಗಾದರೆ, ಮೂತ್ರ ಕೆಂಪಾದರೆ, ವಸಡಿನ ರಕ್ತ ನಿಲ್ಲದಿದ್ದರೆ ಅಂದೇ ಡಾಕ್ಟರನ್ನು ಕಾಣಿ.

ಸ್ಟೆಂಟ್, ಪೇಸ್‌ಮೇಕರ್ ಬೇರೆ

ಸ್ಟೆಂಟ್ ಹಾಕಿದವರಿಗೆ ಐಎನ್‌ಆರ್ ಬೇಕಿಲ್ಲ. ಅವರಿಗೆ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲರ್, ಹೃದಯಾಘಾತ ಆಗಿದ್ದರೆ ಸಾಮಾನ್ಯವಾಗಿ 12 ತಿಂಗಳು. ನಡುವೆ ಬಿಟ್ಟರೆ ಸ್ಟೆಂಟ್‌ನಲ್ಲೇ ಹೆಪ್ಪು ಕಟ್ಟಿ ಮತ್ತೆ ಹೃದಯಾಘಾತ. ಪೇಸ್‌ಮೇಕರ್ ಒಂದಕ್ಕೇ ಅಂತ ರಕ್ತ ತೆಳು ಮಾಡುವ ಮಾತ್ರೆ ಬೇಕಾಗುವುದು ಕಡಿಮೆ. ಹಾಕಿದ ಬದಿಯ ಕೈ ಊದಿಕೊಂಡರೆ ಮಾತ್ರ ತೋರಿಸಿ, ವೈರ್ ಹೋಗುವ ನಾಳದಲ್ಲಿ ಹೆಪ್ಪು ಇರಬಹುದು. ಬೈಪಾಸ್ ಆದವರ ಒಂದು ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೂ ಹಾಗೇ.

ಲಕ್ವದ ಲಕ್ಷಣ ಕಂಡರೆ

ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲಿನ ಬಲ ಹೋಗುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು. ಹತ್ತು ನಿಮಿಷದಲ್ಲಿ ತಾನೇ ಸರಿಹೋದರೂ ಬಿಡಬಾರದು. ಎಣ್ಣೆ ತಿಕ್ಕುವುದು, ನೀರು ಕುಡಿಸುವುದು ಬೇಡ. ನುಂಗಲು ಆಗದೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೊರಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಅವಧಿ ನಾಲ್ಕೂವರೆ ಗಂಟೆ. ಶಿವಮೊಗ್ಗದ ದಾರಿಯೇ ಅದರಲ್ಲಿ ಒಂದೂವರೆ ಗಂಟೆಗೂ ಹೆಚ್ಚು ತಿನ್ನುತ್ತದೆ.

ಐಎನ್‌ಆರ್ 1.7ಕ್ಕಿಂತ ಜಾಸ್ತಿ ಇದ್ದವರಿಗೆ ಮತ್ತು ಎರಡು ವಾರದೊಳಗೆ ದೊಡ್ಡ ಆಪರೇಷನ್ ಆದವರಿಗೆ ಆ ಇಂಜೆಕ್ಷನ್ ಸಾಮಾನ್ಯವಾಗಿ ಕೊಡುವುದಿಲ್ಲ. ಅಂಥವರಲ್ಲಿ ಕೆಲವರಿಗೆ ತೊಡೆಯ ನಾಳದ ಮೂಲಕ ತಂತಿ ಹಾಕಿ ಹೆಪ್ಪು ತೆಗೆಯುವ ಚಿಕಿತ್ಸೆ ಮಾಡಬಹುದು, ಅದು ದೊಡ್ಡ ಕೇಂದ್ರಗಳಲ್ಲಿ. ಎಲ್ಲಿಗೆ ಕಳಿಸಬೇಕು ಎಂದು ಡಾಕ್ಟರು ಬೇಗ ನಿರ್ಧರಿಸಲು ಮೂರು ವಿಷಯ ಗೊತ್ತಾಗಬೇಕು: ಲಕ್ಷಣ ಶುರುವಾದ ಹೊತ್ತು, ಹಾಕಿರುವ ವಾಲ್ವ್ ಯಾವುದು, ಕೊನೆಯ ಐಎನ್‌ಆರ್ ಎಷ್ಟು. ವಾಲ್ವ್ ಕಾರ್ಡು, ಐಎನ್‌ಆರ್ ಪುಸ್ತಕ ಬೀರುವಿನಲ್ಲಿ ಬೀಗ ಹಾಕಿ ಇಡದೆ ಎರಡರ ಫೋಟೋವನ್ನೂ ಮನೆಯ ಇಬ್ಬರ ಮೊಬೈಲ್‌ನಲ್ಲಿ ಇಟ್ಟುಕೊಂಡಿರಿ.