ಮದ್ದು ಒಂದೇ, ಹೆಸರು ಹಲವು

ಬೆಂಗಳೂರಿನ ಉತ್ತರ ಭಾಗದ ಶೆಟ್ಟಿಹಳ್ಳಿಯಂಥ ಬಡಾವಣೆಯಲ್ಲಿ ತಿಂಗಳ ಮೊದಲ ವಾರ ಬಂತೆಂದರೆ ಮನೆ ಬಾಡಿಗೆ, ದಿನಸಿ ಸಾಮಾನಿನ ಜೊತೆಗೇ ಕೈ ಬಿಡದೆ ಬರುವ ಇನ್ನೊಂದು ಖರ್ಚು ಮಾತ್ರೆಯದು. ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ಒಮ್ಮೆ ಶುರುವಾದ ಮಾತ್ರೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ವೈದ್ಯರ ಚೀಟಿಯಲ್ಲಿ ಕಂಪನಿಯೊಂದರ ಹೆಸರಿನ ಮಾತ್ರೆ ಇರುತ್ತದೆ. ಅದೇ ಔಷಧ ಜನೌಷಧಿ ಮಳಿಗೆಯಲ್ಲಿ ಅರ್ಧ ಬೆಲೆಗೆ, ಕೆಲವೊಮ್ಮೆ ಇನ್ನೂ ಕಡಿಮೆಗೆ ಸಿಗುತ್ತದೆ. ಒಂದೇ ಮದ್ದಿಗೆ ಎರಡು ಬೆಲೆ ಏಕೆ? ಇದರ ಹಿಂದೆ ಅರ್ಧ ಶತಮಾನಕ್ಕೂ ಮೀರಿದ ಕಥೆಯಿದೆ. ಅದರ ಒಂದು ಅಧ್ಯಾಯ ನಡೆದದ್ದು ಶೆಟ್ಟಿಹಳ್ಳಿಯಿಂದ ಕೆಲವೇ ಕಿಲೋಮೀಟರ್ ದೂರದ ಪೀಣ್ಯದಲ್ಲಿ.

ಮೊದಲು ಹೆಸರಿನ ವಿಚಾರ. ಪ್ಯಾರಾಸಿಟಮಾಲ್ ಎಂಬುದು ಔಷಧದ ಮೂಲ ಹೆಸರು. ಕ್ರೋಸಿನ್, ಡೋಲೊ ಎಂಬವು ಬೇರೆ ಬೇರೆ ಕಂಪನಿಗಳು ಅದಕ್ಕೆ ಇಟ್ಟುಕೊಂಡ ಹೆಸರುಗಳು. ಪೇಟೆಂಟ್ ಅವಧಿ ಮುಗಿದ ಔಷಧವನ್ನು ಯಾವ ಕಂಪನಿ ಬೇಕಾದರೂ ಪರವಾನಗಿ ಪಡೆದು ತಯಾರಿಸಬಹುದು. ಹಾಗೆ ತಯಾರಾಗಿ ಮೂಲ ಹೆಸರಿನಲ್ಲೇ ಮಾರಾಟವಾಗುವುದನ್ನು ಜನ ಜೆನೆರಿಕ್ ಔಷಧ ಎನ್ನುತ್ತಾರೆ.

ಕಾನೂನು ತಂದ ಅಗ್ಗ

ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ಔಷಧ ಅಗ್ಗವಾಗಿರಲಿಲ್ಲ. ಬ್ರಿಟಿಷರ ಕಾಲದ 1911ರ ಪೇಟೆಂಟ್ ಕಾಯ್ದೆಯೇ ಜಾರಿಯಲ್ಲಿತ್ತು. ಮಾರುಕಟ್ಟೆ ಬಹುಪಾಲು ವಿದೇಶಿ ಕಂಪನಿಗಳ ಕೈಯಲ್ಲಿತ್ತು. ಕೆಲವು ಔಷಧಗಳ ಬೆಲೆ ಭಾರತದಲ್ಲಿ ಜಗತ್ತಿನಲ್ಲೇ ಹೆಚ್ಚಿನವುಗಳ ಸಾಲಿನಲ್ಲಿದೆ ಎಂದು 1960ರ ಸುಮಾರಿಗೆ ವಿಚಾರಣೆ ನಡೆಸಿದ ಅಮೆರಿಕದ ಸೆನೆಟ್ಟಿನ ಕೀಫಾವರ್ ಸಮಿತಿಯೇ ಗುರುತಿಸಿತ್ತು.

ಈ ಕಾಯ್ದೆಯನ್ನು ಪರಿಶೀಲಿಸಲು ನೇಮಕವಾದ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ವರದಿ ಕೊಟ್ಟರು. ಅದರ ಫಲವೇ 1970ರ ಪೇಟೆಂಟ್ ಕಾಯ್ದೆ. 1972ರಲ್ಲಿ ಜಾರಿಗೆ ಬಂದ ಈ ಕಾಯ್ದೆಯ ಪ್ರಕಾರ 2005ರವರೆಗೆ ಔಷಧಕ್ಕೆ ಪೇಟೆಂಟ್ ಇರಲಿಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಇತ್ತು; ಅದೂ ಆರಂಭದಲ್ಲಿ ಹೆಚ್ಚೆಂದರೆ ಏಳು ವರ್ಷ. ಬೇರೆ ದಾರಿಯಲ್ಲಿ ಅದೇ ಮದ್ದನ್ನು ತಯಾರಿಸಿದರೆ ತಪ್ಪಿಲ್ಲ ಎಂದಾಯಿತು. ದೇಶಿ ಕಂಪನಿಗಳು ಒಂದರ ಹಿಂದೆ ಒಂದು ಎದ್ದು ನಿಂತವು. 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿ ವರ್ಷಕ್ಕೆ ಹತ್ತು ಸಾವಿರ ಡಾಲರ್ ದಾಟುತ್ತಿದ್ದ ಏಡ್ಸ್ ಚಿಕಿತ್ಸೆಯ ಔಷಧಗಳನ್ನು 350 ಡಾಲರಿಗೆ ಕೊಡಲು ಮುಂದಾದದ್ದರ ಬೇರು ಇಲ್ಲಿದೆ.

ಪೀಣ್ಯದ ಕಾರ್ಖಾನೆ

ಇನ್ನೊಂದು ಕಡೆ ಸರ್ಕಾರ ತಾನೇ ಔಷಧ ತಯಾರಿಕೆಗೆ ಇಳಿದಿತ್ತು. ಪುಣೆ ಬಳಿಯ ಪಿಂಪ್ರಿಯಲ್ಲಿ ಪೆನಿಸಿಲಿನ್ ತಯಾರಿಸಲು ಹಿಂದೂಸ್ತಾನ್ ಆಂಟಿಬಯೋಟಿಕ್ಸ್ 1954ರಲ್ಲಿ ಹುಟ್ಟಿತು. ಈ ಕಂಪನಿ ಕರ್ನಾಟಕ ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮದ ಜೊತೆ ಸೇರಿ 1981ರಲ್ಲಿ ಕಟ್ಟಿದ್ದೇ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್. ಪೀಣ್ಯ ಕೈಗಾರಿಕಾ ಪ್ರದೇಶದ ಅದರ ಕಾರ್ಖಾನೆಯಲ್ಲಿ 1984ರಲ್ಲಿ ಉತ್ಪಾದನೆ ಆರಂಭವಾಯಿತು. ಇಲ್ಲಿನ ಇಂಜೆಕ್ಷನ್, ಮಾತ್ರೆ, ಕ್ಯಾಪ್ಸೂಲುಗಳು ಸರ್ಕಾರಿ ಆಸ್ಪತ್ರೆಗಳಿಗೆ ಹೋದವು.

ಹಾಗಾದರೆ ಅಂಗಡಿಯ ಚೀಟಿ ಏಕೆ ದುಬಾರಿಯಾಗಿಯೇ ಉಳಿಯಿತು? ಕಾಯ್ದೆ ಪೇಟೆಂಟಿನ ಗೋಡೆ ಒಡೆಯಿತು, ಹೆಸರಿನ ಗೋಡೆ ಒಡೆಯಲಿಲ್ಲ. ನೂರಾರು ಕಂಪನಿಗಳು ಒಂದೇ ಔಷಧವನ್ನು ತಮ್ಮ ತಮ್ಮ ಹೆಸರಿನಲ್ಲಿ ತಂದವು. ಹೆಸರನ್ನು ವೈದ್ಯರ ನೆನಪಿನಲ್ಲಿ ಉಳಿಸಲು ಪ್ರತಿನಿಧಿಗಳು, ಸ್ಯಾಂಪಲ್‌ಗಳು, ಪ್ರಚಾರ ಬೇಕಾದವು. ಆ ವೆಚ್ಚ ರೋಗಿಯ ಬಿಲ್ಲಿಗೆ ಸೇರಿತು.

ಇದನ್ನು ಮೊದಲೇ ಕಂಡ ಜಯಸುಖಲಾಲ್ ಹಾಥಿ ಸಮಿತಿ 1975ರಲ್ಲೇ ಕಂಪನಿ ಹೆಸರುಗಳನ್ನು ಹಂತಹಂತವಾಗಿ ಕೈಬಿಡಬೇಕೆಂದು ಶಿಫಾರಸು ಮಾಡಿತ್ತು. 1978ರ ಔಷಧ ನೀತಿ ಐದು ಔಷಧಗಳಿಂದ ಆರಂಭಿಸಲು ಹೊರಟಿತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಯತ್ನ ಅಲ್ಲಿಗೇ ನಿಂತಿತು. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಮೂಲ ಹೆಸರನ್ನೇ ಬರೆಯಬೇಕೆಂಬ ನಿಯಮ ತಂದಿತು. ವೈದ್ಯರ ವಿರೋಧ ಬಂದ ಮೇಲೆ ಅದೇ ತಿಂಗಳಲ್ಲಿ ತಡೆಹಿಡಿಯಿತು.

ಮಳಿಗೆ ಬಂತು, ಚೀಟಿ ಬದಲಾಗಲಿಲ್ಲ

2008ರ ನವೆಂಬರಿನಲ್ಲಿ ಅಮೃತಸರದಲ್ಲಿ ಮೊದಲ ಜನೌಷಧಿ ಮಳಿಗೆ ತೆರೆಯಿತು. ಔಷಧ ಪೂರೈಸುವ ಹೊಣೆ ಪೀಣ್ಯದ ಕಂಪನಿಯೂ ಸೇರಿದಂತೆ ಸರ್ಕಾರಿ ಔಷಧ ಕಂಪನಿಗಳ ಮೇಲೆ ಬಿತ್ತು. ಬೇಡಿಕೆಗೆ ತಕ್ಕಷ್ಟು ಔಷಧ ಬರಲಿಲ್ಲ. 2014ರಲ್ಲಿ ದೇಶದಲ್ಲಿದ್ದದ್ದು ಎಂಬತ್ತರಷ್ಟು ಮಳಿಗೆ. ಆ ವರ್ಷ ಔಷಧ ಖಾತೆಯ ಸಚಿವರಾದ ಬೆಂಗಳೂರಿನ ಅನಂತಕುಮಾರ್ ಅವರ ಅವಧಿಯಲ್ಲಿ ಯೋಜನೆಗೆ ವೇಗ ಬಂತು. ಖಾಸಗಿ ತಯಾರಕರಿಂದಲೂ ಟೆಂಡರ್ ಮೂಲಕ ಖರೀದಿ ನಡೆಯಿತು. 2025ರ ಆರಂಭಕ್ಕೆ ಮಳಿಗೆಗಳ ಸಂಖ್ಯೆ 15 ಸಾವಿರ ಮುಟ್ಟಿತು. ಕರ್ನಾಟಕದಲ್ಲೇ ಸಾವಿರಕ್ಕೂ ಹೆಚ್ಚಿವೆ.

ಆದರೆ ಸಾಮಾನ್ಯ ಔಷಧಿ ಅಂಗಡಿಯವನ ಕೈ ಕಟ್ಟಿದೆ. ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧಕ್ಕೆ ಬದಲಾಗಿ, ಅದೇ ಮದ್ದಿನದಾದರೂ ಬೇರೆ ಹೆಸರಿನದನ್ನು ಕೊಡುವಂತಿಲ್ಲ ಎನ್ನುತ್ತದೆ ಔಷಧ ನಿಯಮಾವಳಿ. ಅಂದರೆ ಬೆಲೆ ನಿರ್ಧಾರವಾಗುವುದು ಅಂಗಡಿಯಲ್ಲಲ್ಲ, ವೈದ್ಯರ ಮೇಜಿನ ಮೇಲೆ.

ವೈದ್ಯರ ಹಿಂಜರಿಕೆಗೂ ಕಾರಣ ಇಲ್ಲದಿಲ್ಲ. ಅಗ್ಗದ ಔಷಧದ ಗುಣಮಟ್ಟ ನಂಬುವುದು ಹೇಗೆ ಎಂಬುದು ಅವರ ಪ್ರಶ್ನೆ. ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ 2024ರ ನವೆಂಬರಿನಲ್ಲಿ ಬಾಣಂತಿಯರು ಸಾವಿಗೀಡಾದಾಗ, ಟೆಂಡರ್ ಮೂಲಕ ಬಂದಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಎದ್ದಿತು. ಸರ್ಕಾರ ಅದರ ಬಳಕೆ ನಿಲ್ಲಿಸಬೇಕಾಯಿತು. ಹಾಗೆಂದು ದುಬಾರಿ ಹೆಸರೇ ಗುಣಮಟ್ಟಕ್ಕೆ ಜಾಮೀನಲ್ಲ. ಹೆಸರು ಕ್ಷೀರಸಾಗರವಾದರೂ ಮನೆಯಲ್ಲಿ ಮಜ್ಜಿಗೆ ಇರಲೇಬೇಕೆಂದಿಲ್ಲ. ಔಷಧ ನಿಯಂತ್ರಣ ಇಲಾಖೆಗಳ ತಪಾಸಣೆಯಲ್ಲಿ ಹೆಸರುಳ್ಳವೂ ಹೆಸರಿಲ್ಲದವೂ ಬೀಳುತ್ತವೆ. ಕೆಲವು ಬಗೆಯ ಔಷಧಗಳು ಮೂಲ ಔಷಧದಷ್ಟೇ ಪ್ರಮಾಣದಲ್ಲಿ ದೇಹಕ್ಕೆ ಸೇರುತ್ತವೆ ಎಂದು ತೋರಿಸದೆ ಪರವಾನಗಿ ಇಲ್ಲ ಎಂಬ ನಿಯಮ 2017ರಲ್ಲಿ ಬಂದಿದೆ. ಬೇಕಾಗಿರುವುದು ಹೆಚ್ಚು ಪ್ರಯೋಗಾಲಯ, ಹೆಚ್ಚು ತಪಾಸಣೆ. ಹೆಚ್ಚು ಬೆಲೆ ಅಲ್ಲ.

ಔಷಧದ ಪಟ್ಟಿಯ ಮೇಲೆ ಮೂಲ ಹೆಸರನ್ನು ಕಂಪನಿ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕೆಂದು 2018ರಲ್ಲಿ ನಿಯಮವಾಯಿತು. ಪಟ್ಟಿಯಲ್ಲಿ ದೊಡ್ಡದಾದ ಆ ಹೆಸರು ಚೀಟಿಗೂ ಬಂದ ದಿನ ಶೆಟ್ಟಿಹಳ್ಳಿಯ ಮನೆಯ ತಿಂಗಳ ಲೆಕ್ಕ ಬದಲಾದೀತು. ಅಲ್ಲಿಯವರೆಗೆ ರೋಗಿಗೆ ಉಳಿದಿರುವುದು ಒಂದೇ ದಾರಿ: ಮೇಜಿನಿಂದ ಏಳುವ ಮೊದಲು, ಇದರ ಮೂಲ ಹೆಸರನ್ನೂ ಬರೆದುಕೊಡಿ ಡಾಕ್ಟರೇ ಎಂದು ಕೇಳುವುದು.