ದೀಕ್ಷಾಸ್ನಾನದ ಮರುದಿನ: ಬಾಸೆಲ್ ಮಿಷನ್ನಿನ ಮಗ್ಗ, ಹಂಚು, ಅಚ್ಚುಮೊಳೆ

1834ರ ಅಕ್ಟೋಬರ್ 30ರಂದು ಸಾಮ್ಯುವೆಲ್ ಹೆಬಿಕ್, ಯೋಹಾನ್ ಲೆನರ್, ಕ್ರಿಸ್ಟೋಫ್ ಗ್ರೈನರ್ ಎಂಬ ಮೂವರು ಮಂಗಳೂರು ತಲುಪಿದರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಮಿಷನ್ ಸಂಘ ಅವರನ್ನು ಕಳಿಸಿತ್ತು. ಹಿಂದಿನ ವರ್ಷದ ಸನದು ಕಾಯಿದೆಯಿಂದ ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿ ಸರಕಾರದ ಸೀಮೆ ತೆರೆದುಕೊಂಡಿತ್ತು. ಕರಾವಳಿಗೆ ಕ್ರೈಸ್ತಮತ ಆಗ ಹೊಸತಾಗಿರಲಿಲ್ಲ. ಕೊಂಕಣಿ ಮಾತಾಡುವ ಕಥೋಲಿಕರು ಅಲ್ಲಿ ತಲೆತಲಾಂತರದಿಂದ ಇದ್ದರು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಗೆ ಹೋಗಿ, 1799ರ ನಂತರ ಉಳಿದವರು ಊರಿಗೆ ಮರಳಿದ ನೆನಪು ಅವರ ಮನೆಗಳಲ್ಲಿ ಇನ್ನೂ ಹಸಿಯಾಗಿತ್ತು. ಹೊಸದಾಗಿ ಬಂದ ಪ್ರೊಟೆಸ್ಟಂಟರಿಗೆ ಅಂಥ ಸಮುದಾಯವಾಗಲಿ, ಆಸ್ತಿಯಾಗಲಿ, ಭಾಷೆಯಾಗಲಿ ಇರಲಿಲ್ಲ.

ಬಾಸೆಲ್ ಮಿಷನ್ನಿನವರಲ್ಲಿ ಬಹುಪಾಲು ಜನ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತ್ಯದವರು; ಅನೇಕರು ರೈತರ, ಕುಶಲಕರ್ಮಿಗಳ ಮಕ್ಕಳು. ಮನೆಯಲ್ಲಿ ಬೈಬಲ್ ಓದು, ಕಟ್ಟುನಿಟ್ಟಿನ ದಿನಚರಿ, ಕೈಕೆಲಸದ ಬಗ್ಗೆ ಗೌರವ ಇವು ಅವರ ಭಕ್ತಿಯ ಲಕ್ಷಣಗಳು. ಪ್ರಾರ್ಥನೆಯೂ ದುಡಿಮೆಯೂ ಒಂದೇ ಬದುಕಿನ ಎರಡು ಹೊತ್ತುಗಳೆಂದು ನಂಬಿ ಬೆಳೆದವರು ಇವರು. ಕಾಯಕತತ್ತ್ವವನ್ನು ಶತಮಾನಗಳ ಹಿಂದೆಯೇ ಕೇಳಿದ್ದ ಕನ್ನಡನಾಡಿಗೆ ಈ ನಿಲುವು ಅಷ್ಟೇನೂ ಪರಕೀಯವಾಗಿ ಕಂಡಿರಲಾರದು. ಆದರೆ ಅವರು ಜಾತ್ರೆ, ಉತ್ಸವಗಳಿಗೇ ಹೋಗಿ ಸಾರುತ್ತಿದ್ದ ಬೋಧನೆ ಜನರನ್ನು ಕೆರಳಿಸುತ್ತಿತ್ತು. ಹೆಬಿಕ್ ಅದಕ್ಕೇ ಹೆಸರಾಗಿದ್ದ. ಮಿಷನ್ನಿನ ಚರಿತ್ರೆಯನ್ನು ಬರೀ ಸೇವೆಯ ಚರಿತ್ರೆಯೆಂದು ಓದುವವರು ಈ ಮುಖವನ್ನೂ ನೋಡಬೇಕಾಗುತ್ತದೆ.

ದೀಕ್ಷಾಸ್ನಾನ ಪಡೆದವರ ಕಷ್ಟ ಮರುದಿನ ಬೆಳಿಗ್ಗೆಯಿಂದ ಆರಂಭವಾಗುತ್ತಿತ್ತು. ತುಳುನಾಡಿನಲ್ಲಿ ಹೊಸ ಕ್ರೈಸ್ತ ಸಭೆಗಳನ್ನು ಸೇರಿದವರಲ್ಲಿ ಬಿಲ್ಲವರೇ ಹೆಚ್ಚು. ಅವರಲ್ಲಿ ಅನೇಕರ ಕಸುಬು ಮೂರ್ತೆ, ಎಂದರೆ ತಾಳೆ, ತೆಂಗಿನ ಮರಗಳಿಂದ ಕಳ್ಳು ಇಳಿಸುವುದು. ಕಳ್ಳಿನ ಕಸುಬನ್ನು ಮಿಷನ್ ಒಪ್ಪುತ್ತಿರಲಿಲ್ಲ. ಹಾಗಾಗಿ ಸಭೆಗೆ ಬಂದವನು ಮರ ಹತ್ತುವುದನ್ನು ಬಿಡಬೇಕು. ಕುಟುಂಬದ ದೈವಕ್ಕೆ ಕೋಲ, ತಂಬಿಲ ಕೊಡುವುದನ್ನು ನಿಲ್ಲಿಸಿದರೆ ಮನೆಯವರೊಡನೆ ಸಂಬಂಧ ಕಡಿಯುತ್ತದೆ. ಗೇಣಿಗೆ ಗದ್ದೆ ಕೊಟ್ಟ ಧಣಿ ಒಕ್ಕಲೆಬ್ಬಿಸಬಹುದು. ಬಾವಿ, ನೆರೆಹೊರೆ, ಮದುವೆಯ ಮಾತುಕತೆ ಎಲ್ಲವೂ ದೂರವಾಗುತ್ತವೆ. ಮತಾಂತರಗೊಂಡವನ ಪಿತ್ರಾರ್ಜಿತ ಹಕ್ಕನ್ನು ಕಾಯುವ ಕಾಯಿದೆ 1850ರಲ್ಲಿ ಬಂತು, ನಿಜ; ಆದರೆ ಮೊದಲೇ ಆಸ್ತಿ ಇಲ್ಲದವನಿಗೆ, ಅಥವಾ ಕೋರ್ಟಿನ ಮೆಟ್ಟಿಲು ಹತ್ತಲಾರದವನಿಗೆ, ಅದರಿಂದ ಅನ್ನ ಹುಟ್ಟುತ್ತಿರಲಿಲ್ಲ.

ಓದು, ಆಸ್ತಿ, ಮೇಲುಜಾತಿ ಎಲ್ಲವೂ ಇದ್ದವನಿಗೂ ತೆತ್ತ ಬೆಲೆ ಸಣ್ಣದಲ್ಲ. 1844ರ ಜನವರಿ 6ರಂದು ಮಂಗಳೂರಿನಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಇಬ್ಬರು ಸಂಗಡಿಗರೊಂದಿಗೆ ದೀಕ್ಷಾಸ್ನಾನ ಪಡೆದ. ಆಗ ಅವನಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಹೆಂಡತಿ ಅವನ ಹಿಂದೆ ಬರಲಿಲ್ಲ. ತನ್ನ ಗುರು ಹೆರ್ಮನ್ ಮೋಗ್ಲಿಂಗ್ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು, ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಮಿಷನರಿಯಾಗಿಯೇ ಮರಳಿದ. ಮುಂದೆ ನಾಲ್ಕು ದಶಕಗಳ ಕಾಲ ಇದೇ ಸೀಮೆಯಲ್ಲಿ ದುಡಿದು 1893ರಲ್ಲಿ ತೀರಿಕೊಂಡ. ಅವನನ್ನು ಕುರಿತ ಬರಹಗಳು ಈ ನಿಷ್ಠೆಯನ್ನು ಕೊಂಡಾಡುತ್ತವೆ; ಹಿಂದೆ ಉಳಿದ ಆ ಹೆಣ್ಣುಮಗಳ ಪಾಡನ್ನು ಅಷ್ಟಾಗಿ ಹೇಳುವುದಿಲ್ಲ. ನಂಬಿಕೆಗಾಗಿ ತೆರುವ ಬೆಲೆಯನ್ನು ನಂಬಿದವನೊಬ್ಬನೇ ತೆರುವುದಿಲ್ಲ.

ಮೋಗ್ಲಿಂಗ್ ಮಂಗಳೂರಿಗೆ ಬಂದದ್ದು 1836ರ ಕೊನೆಯಲ್ಲಿ. ವಿದ್ವಾಂಸ, ಆದರೆ ಬಂಗಲೆಯ ದೊರೆಯಾಗಿ ಬದುಕುವುದು ಅವನಿಗೆ ಒಗ್ಗಲಿಲ್ಲ. ಮಂಗಳೂರಿನ ಬಲ್ಮಠದಲ್ಲಿ ಮಿಷನ್ನಿನ ಸೆಮಿನರಿಯ ಹುಡುಗರ ಜೊತೆಗೇ ವಾಸವಿದ್ದು ಪಾಠ ಹೇಳಿದ. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಿದ್ದದ್ದು ಇಲ್ಲಿಂದಲೇ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಅದರಲ್ಲಿ ಊರ ಸುದ್ದಿ, ಸರಕಾರದ ಆಜ್ಞೆ, ಗಾದೆ, ಕಥೆ ಎಲ್ಲವೂ ಇರುತ್ತಿದ್ದವು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕಂನಡ ಸಮಾಚಾರ’ವಾಯಿತು. ಗ್ರೈನರ್ ಮತ್ತು ಇನ್ನೊಬ್ಬ ಮಿಷನರಿ ಅಮ್ಮನ್ ಸಿದ್ಧಪಡಿಸಿದ ತುಳು ಹೊಸ ಒಡಂಬಡಿಕೆ 1847ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಬಹುಮಟ್ಟಿಗೆ ಮಾತಿನಲ್ಲೇ ಬಾಳಿಕೊಂಡು ಬಂದಿದ್ದ ತುಳುವಿಗೆ ಅಚ್ಚಿನ ಮನೆಯ ಬಾಗಿಲು ತೆರೆದದ್ದು ಹೀಗೆ. ಇದೇ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ಲನ ಸುಮಾರು 70,000 ಶಬ್ದಗಳ ನಿಘಂಟು 1894ರಲ್ಲಿ ಪ್ರಕಟವಾದ ಕಥೆ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಆದರೆ ಈ ಮುದ್ರಣಾಲಯ ಮನೆಮಾರು ಕಳೆದುಕೊಂಡ ಹುಡುಗರಿಗೆ ಅಚ್ಚುಮೊಳೆ ಜೋಡಿಸುವ, ಪುಸ್ತಕ ಕಟ್ಟುವ ಕಸುಬನ್ನೂ ಕಲಿಸಿತೆಂಬುದು ಅಷ್ಟು ನೆನಪಿನಲ್ಲಿಲ್ಲ.

ಹೊಟ್ಟೆಪಾಡಿನ ಪ್ರಶ್ನೆಗೆ ಉತ್ತರ ಒಂದೇ ಏಟಿಗೆ ಸಿಗಲಿಲ್ಲ. ಮೊದಲು ಬೇಸಾಯದ ವಸಾಹತು ನೆನೆದರು; ಗದಗ ಸಮೀಪದ ಮಲ್ಲಸಮುದ್ರದಲ್ಲಿ 1840ರ ದಶಕದಲ್ಲಿ ಮಾಡಿದ ಅಂಥ ಪ್ರಯತ್ನ ನಿಲ್ಲಲಿಲ್ಲ. ಸಕ್ಕರೆ, ಗಡಿಯಾರದ ಕೆಲಸ, ಬಡಗಿತನ ಎಂದು ಒಂದೊಂದನ್ನೂ ಹಿಡಿದು ನೋಡಿದರು. 1851–52ರಲ್ಲಿ ಮಿಷನ್ನಿನ ಮುಖ್ಯಸ್ಥ ಯೋಸೆನ್‌ಹಾನ್ಸ್ ಸ್ವತಃ ಬಂದು ಸಭೆಗಳನ್ನು ಕಂಡುಹೋದ ಮೇಲೆ ಕೈಗಾರಿಕೆಗೆ ಒಂದು ವ್ಯವಸ್ಥೆ ಬಂತು. ಅದೇ ಹೊತ್ತಿಗೆ ಬಂದ ನೇಕಾರ ಯೋಹಾನ್ ಹಾಲರ್ ಮಂಗಳೂರಿನಲ್ಲಿ ಯುರೋಪಿನ ಮಾದರಿಯ ಮಗ್ಗಗಳನ್ನು ಹೂಡಿ, ಬಟ್ಟೆಗೆ ಬಣ್ಣ ಕಟ್ಟುವ ಕೆಲಸ ಬೆಳೆಸಿದ. ಖಾಕಿ ಬಣ್ಣ ಹುಟ್ಟಿದ್ದು ಈ ನೇಯ್ಗೆಮನೆಯಲ್ಲೇ ಎಂಬ ಮಾತು ಮಂಗಳೂರಿನಲ್ಲಿ ಇಂದಿಗೂ ಇದೆ. ನೇಯ್ಗೆ ಕಣ್ಣಾನೂರು, ಕಲ್ಲಿಕೋಟೆಗಳಿಗೂ ಹಬ್ಬಿತು. ವ್ಯಾಪಾರ ನೋಡಿಕೊಳ್ಳಲು 1859ರಲ್ಲಿ ಬೇರೆಯದೇ ಕಂಪನಿ ಹುಟ್ಟಿತು. ಸುವಾರ್ತೆ ಸಾರಲು ಬಂದವರು ಅಂಗಡಿ ಇಡಬಹುದೇ ಎಂಬ ಅಳುಕು ಮಾತ್ರ ಬಾಸೆಲ್ಲಿನ ಮನೆಯೊಳಗೇ ಬಹುಕಾಲ ಉಳಿಯಿತು.

ಎಲ್ಲಕ್ಕಿಂತ ಆಳವಾಗಿ ಬೇರುಬಿಟ್ಟದ್ದು ಹಂಚಿನ ಕೆಲಸ. ಕರಾವಳಿಯ ಸಾಮಾನ್ಯ ಮನೆಗೆ ಮುಳಿಹುಲ್ಲಿನ ಇಲ್ಲವೇ ತೆಂಗಿನ ಮಡಲಿನ ಮಾಡು. ಮಳೆಗಾಲಕ್ಕೆ ಮುಂಚೆ ವರ್ಷ ವರ್ಷವೂ ಹೊಸದಾಗಿ ಹೊದೆಸಬೇಕು. ಬೇಸಿಗೆಯಲ್ಲಿ ಒಂದು ಕಿಡಿ ಹಾರಿದರೆ ಕೇರಿಯೇ ಬೂದಿ. ಮುದ್ರಣಾಲಯದ ಕೆಲಸಕ್ಕೆ ಬಂದಿದ್ದ ಯಂತ್ರಕುಶಲಿ ಗಿಯೋರ್ಗ್ ಪ್ಲೆಬ್ಸ್ಟ್ ನೇತ್ರಾವತಿಯ ಬಯಲಿನ ಆವೆಮಣ್ಣು ಹಂಚಿಗೆ ಹದವಾದುದೆಂದು ಕಂಡುಕೊಂಡ. ಯುರೋಪಿಗೆ ಹೋದಾಗ ಹಂಚು ತಯಾರಿಯ ವಿದ್ಯೆಯನ್ನು ಕಲಿತುಬಂದು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ. ಮೊದಲಿಗೆ ಇದ್ದದ್ದು ಎರಡು ಜೋಡಿ ಎತ್ತು, 12 ಆಳು. ದಿನಕ್ಕೆ 560 ಹಂಚು. ಎತ್ತುಗಳು ಮಣ್ಣನ್ನು ಅರೆಯುತ್ತಿದ್ದವು. ಹದವಾದ ಮಣ್ಣಿನ ಗಟ್ಟಿಯನ್ನು ಅಚ್ಚಿಗಿಟ್ಟು ಒತ್ತಿ, ನೆರಳಿನಲ್ಲಿ ಒಣಗಿಸಿ, ಗೂಡಿನಲ್ಲಿ ಸುಡುತ್ತಿದ್ದರು. ಊರ ಕುಂಬಾರರ ಓಡು ಹಂಚು ಗಾಳಿಗೆ ಜಾರುತ್ತಿತ್ತು. ಈ ಚಪ್ಪಟೆ ಹಂಚಿನ ಅಂಚಿನಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ತೋಡು ಇದ್ದುದರಿಂದ ಸುರಿಮಳೆಗೂ ನೀರು ಒಳಗೆ ಇಳಿಯುತ್ತಿರಲಿಲ್ಲ, ಮಾಡಿನ ಭಾರವೂ ಕಡಿಮೆ. ಕೆಲವೇ ವರ್ಷಗಳಲ್ಲಿ ಸ್ಥಳೀಯ ಉದ್ಯಮಿಗಳೂ ಈ ಕೆಲಸಕ್ಕೆ ಇಳಿದರು. ನದಿಯ ದಂಡೆಯುದ್ದಕ್ಕೂ ಹಂಚಿನ ಕಾರ್ಖಾನೆಗಳ ಹೊಗೆಕೊಳವೆಗಳು ಎದ್ದವು. ಮಿಷನ್ ಕುದ್ರೋಳಿಯಲ್ಲಿ, ಮಲ್ಪೆಯಲ್ಲಿ, ಮಲಬಾರಿನ ಕೆಲವು ಊರುಗಳಲ್ಲಿ ಕಾರ್ಖಾನೆ ಕಟ್ಟಿತು. ‘ಮಂಗಳೂರು ಹಂಚು’ ಎಂಬ ಹೆಸರು ಸಮುದ್ರ ದಾಟಿತು.

ಕಾರ್ಖಾನೆಯ ದಿನ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು, ಭಾನುವಾರ ಗೂಡಿಗೆ ರಜೆ. ಗಂಟೆಯ ಲೆಕ್ಕದ ದುಡಿಮೆ, ವಾರದ ಕೂಲಿ, ಕಾಯಿಲೆ ಬಿದ್ದವರಿಗೆ ನೆರವಿನ ನಿಧಿ ಇವು ಅಂದಿನ ಕೂಲಿಗಾರರಿಗೆ ಹೊಸತು. ಆರಂಭದಲ್ಲಿ ಸಭೆಯವರಿಗಾಗಿಯೇ ತೆರೆದ ಬಾಗಿಲು ಕೆಲಸ ಬೆಳೆದಂತೆ ಎಲ್ಲ ಜಾತಿಯವರಿಗೂ ತೆರೆಯಿತು. ಒಂದು ತೊಡಕು ಮಾತ್ರ ಕಡೆಯವರೆಗೂ ಬಿಡಲಿಲ್ಲ. ಕೂಲಿ ಕೊಡುವವರೂ, ಮನೆ ಕೊಡುವವರೂ, ನಡತೆಯ ಮೇಲೆ ಕಣ್ಣಿಡುವವರೂ ಒಬ್ಬರೇ ಆದಾಗ ಮನುಷ್ಯನಿಗೆ ಮಾತಾಡುವ ಎಡೆ ಕಿರಿದಾಗುತ್ತದೆ. ಧಣಿಯ ಹಂಗಿನಿಂದ ಬಿಡಿಸಿಕೊಂಡವರು ಮಿಷನ್ನಿನ ಹಂಗಿಗೆ ಬಿದ್ದರೆಂಬ ಮಾತಿನಲ್ಲಿ ಸತ್ಯದ ಅಂಶವಿದೆ. ಆದರೂ ಮರ ಹತ್ತುವ, ಗೇಣಿ ಗದ್ದೆಯಲ್ಲಿ ಬಾಗುವ ಎರಡೇ ದಾರಿ ಇದ್ದವರ ಮಕ್ಕಳು ಯಂತ್ರ ನಡೆಸುವವರು, ಅಚ್ಚುಕೂಟದ ಮೇಸ್ತ್ರಿಗಳು, ಶಾಲಾ ಮಾಸ್ತರರು ಆದದ್ದು ಸಣ್ಣ ಬದಲಾವಣೆಯಲ್ಲ.

ಕೊಡಗಿನ ಕಥೆ ಇದಕ್ಕಿಂತ ಕಠಿಣ. ಅಲ್ಲಿ ಹೊಲೆಯರು ಭೂಮಿಯೊಡನೆ ಕಟ್ಟಿಹಾಕಿದ ಜೀತದಾಳುಗಳಾಗಿದ್ದರು. 1850ರ ದಶಕದಲ್ಲಿ ಕೊಡಗಿಗೆ ಹೋದ ಮೋಗ್ಲಿಂಗ್ ಇವರಿಗಾಗಿ ಆನಂದಪುರ ಎಂಬ ನೆಲೆ ಕಟ್ಟಿದ. ಕಾಡು ಕಡಿದು ಕಾಫಿ ಹಾಕಿದರು. ಕೌಂಡಿನ್ಯನ ದುಡಿಮೆಯೂ ಅಲ್ಲಿ ಸೇರಿತು. ಮೋಗ್ಲಿಂಗನ ಚಿಕ್ಕಂದಿನ ಒಡನಾಡಿ, ಕನ್ನಡ ಬೈಬಲ್ ಪರಿಷ್ಕರಣದಲ್ಲಿ ತೊಡಗಿದ್ದ ಗಾಟ್‌ಫ್ರೀಡ್ ವೈಗಲ್ 1855ರಲ್ಲಿ ತೀರಿಕೊಂಡಿದ್ದ. ಅವನ ವಿಧವೆ ಪೌಲಿನಾಳನ್ನು ಮೋಗ್ಲಿಂಗ್ ಮದುವೆಯಾದ. 1860ರಲ್ಲಿ ಮೋಗ್ಲಿಂಗ್ ಯುರೋಪಿಗೆ ಮರಳಿದ, ಮತ್ತೆ ಬರಲಿಲ್ಲ. ಮುಂದೆ ಕಾಂಡಕೊರಕ ಹುಳು ಕೊಡಗಿನ ಕಾಫಿ ತೋಟಗಳನ್ನು ಹಾಳುಮಾಡಿತು. ಜ್ವರ, ಹುಳು, ಸಾಲ ಇವುಗಳ ನಡುವೆ ಆನಂದಪುರ ಹೇಗೋ ಉಳಿದುಕೊಂಡಿತು.

ಮಿಷನ್ ನೆಲೆಯೂರಿದ್ದ ಧಾರವಾಡ ಸೀಮೆಯಲ್ಲಿ 1876–78ರ ಭೀಕರ ಬರ ಅನಾಥ ಮಕ್ಕಳನ್ನು ಮಿಷನ್ನಿನ ಅಂಗಳಕ್ಕೆ ತಂದಿತು. ಗದಗ-ಬೆಟಗೇರಿ, ಹುಬ್ಬಳ್ಳಿಗಳ ಸಭೆಗಳಲ್ಲಿ ಈ ಬರ ಕಂಡವರ ಮನೆತನಗಳೂ ಸೇರಿವೆ. ಬೆಟಗೇರಿಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಆಸ್ಪತ್ರೆ ಬಂತು.

1914ರಲ್ಲಿ ಮಹಾಯುದ್ಧ ಶುರುವಾದಾಗ ಈ ಇಡೀ ಕಟ್ಟಡ ಅಲುಗಿತು. ಜರ್ಮನ್ ಮಿಷನರಿಗಳು ಶತ್ರುದೇಶದ ಪ್ರಜೆಗಳೆನಿಸಿದರು. ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿ ಇಟ್ಟು ಆಮೇಲೆ ಊರಿಗೆ ಕಳಿಸಿದರು. ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡಿತು; ಯುದ್ಧದ ನಂತರ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಎಂಬತ್ತು ವರ್ಷ ವಿದೇಶದ ಆಸರೆಯಲ್ಲಿದ್ದ ಸಭೆಗಳು ಏಕಾಏಕಿ ತಮ್ಮ ಕಾಲ ಮೇಲೆ ನಿಲ್ಲಬೇಕಾಯಿತು. ಕನ್ನಡ, ತುಳು ಮಾತಾಡುವ ಸಭಾಪಾಲಕರು, ಉಪದೇಶಿಗಳು, ಹಿರಿಯರು, ಶಾಲೆಯ ಉಪಾಧ್ಯಾಯರು ಆರಾಧನೆಯನ್ನೂ ಪಾಠವನ್ನೂ ನಡೆಸಿಕೊಂಡು ಹೋದರು. ಹೆಸರಿಲ್ಲದೆ ಉಳಿದ ಇವರ ದುಡಿಮೆಯೇ ಈ ಚರಿತ್ರೆಯ ಗಟ್ಟಿ ಭಾಗ. ಕಾರ್ಖಾನೆ ಕೈತಪ್ಪಿದ ಮೇಲೂ ಸಭೆ ಚದುರದೆ ಉಳಿದದ್ದು ಇವರಿಂದ.

ಯುದ್ಧ ಮುಗಿದ ಮೇಲೆ ಸ್ವಿಟ್ಜರ್ಲೆಂಡಿನ ವೈದ್ಯೆ ಇವಾ ಲೊಂಬಾರ್ಡ್ ಉಡುಪಿಗೆ ಬಂದಳು. ಗಂಡು ವೈದ್ಯರ ಮುಂದೆ ಬರಲು ಹಿಂಜರಿಯುತ್ತಿದ್ದ ಹೆಂಗಸರು, ಹೆರಿಗೆಯಲ್ಲೇ ಜೀವ ಬಿಡುತ್ತಿದ್ದ ತಾಯಂದಿರು, ಅವರ ಮಕ್ಕಳು, ಇವರಿಗೆಂದು ಅವಳು 1923ರಲ್ಲಿ ಆಸ್ಪತ್ರೆ ತೆರೆದಳು. ಲೊಂಬಾರ್ಡ್ ಹೆಸರನ್ನೇ ಹೊತ್ತ ಅದನ್ನು ಊರಿನವರು ಕರೆಯುವುದು ಮಿಷನ್ ಆಸ್ಪತ್ರೆ ಎಂದು. ಅದು ಇಂದಿಗೂ ಅಲ್ಲೇ ನಡೆಯುತ್ತಿದೆ.