ನಾಯಕರ ಬಳಿಕ ಕರ್ನಾಟಕ ಸಮಿತಿ

ಕರ್ನಾಟಕ ಸಮಿತಿ ಎಂದೊಡನೆ ನಮ್ಮ ಹಿರಿಯರ ಮುಖ ಇಂದಿಗೂ ಅರಳುತ್ತದೆ. ಮೊಮ್ಮಕ್ಕಳಿಗೆ ಆ ಹೆಸರೇ ಗೊತ್ತಿಲ್ಲ. ಮಂಜೇಶ್ವರದಲ್ಲಿ ಅಖಿಲ ಭಾರತ ಪಕ್ಷಗಳನ್ನೇ ಹಿಂದಿಕ್ಕಿದ್ದ ಸಂಘಟನೆಯೊಂದು ಹೇಗೆ ಮರೆಯಾಯಿತು?

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮರುವರ್ಷ ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. 1960ರಿಂದ ಆ ಸ್ಥಾನ ಕಳ್ಳಿಗೆ ಮಹಾಬಲ ಭಂಡಾರಿಯವರದಾಯಿತು. 1965ರಲ್ಲೂ 1967ರಲ್ಲೂ ಅವರೇ ಗೆದ್ದರು. 1967ರಲ್ಲಿ ಕಾಸರಗೋಡಿನಿಂದ ಯು. ಪಿ. ಕುಣಿಕುಳ್ಳಾಯರೂ ಗೆದ್ದು ಬಂದರು. ಅದೇ ವರ್ಷ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನು ಮೈಸೂರಿಗೆ ಸೇರಿಸಲು ಶಿಫಾರಸು ಮಾಡಿತು. ಗುರಿ ಕೈಗೆಟುಕಿತೆಂದೇ ತೋರಿತು.

ವರದಿ ಜಾರಿಗೆ ಬರಲಿಲ್ಲ. 1970ರಲ್ಲಿ ಮಂಜೇಶ್ವರ ಸಿಪಿಐಯ ಎಂ. ರಾಮಪ್ಪನವರ ಪಾಲಾಯಿತು. 1977ರಲ್ಲೂ ಅವರೇ, 1980 ಮತ್ತು 1982ರಲ್ಲಿ ಅದೇ ಪಕ್ಷದ ಎ. ಸುಬ್ಬ ರಾವ್. ಸಮಿತಿ ಅಲ್ಲಿ ಮತ್ತೆ ಗೆಲ್ಲಲಿಲ್ಲ.

ಇದನ್ನು ಕನ್ನಡಿಗರ ದ್ರೋಹವೆನ್ನುವವರಿದ್ದಾರೆ. ನಾನು ಒಪ್ಪಲಾರೆ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು. ಆಗ ಮುಖ್ಯಮಂತ್ರಿ ಸಿಪಿಐಯ ಅಚ್ಯುತ ಮೇನೋನ್. ಗೇಣಿದಾರ ಕನ್ನಡಿಗನಿಗೆ ಗಡಿಗಿಂತ ತಾನು ಉಳುವ ಗದ್ದೆ ಹತ್ತಿರ. ವಿಲೀನೀಕರಣವೊಂದನ್ನೇ ನೆಚ್ಚಿದ್ದ ಸಮಿತಿಯ ಬಳಿ ಅವನಿಗೆ ಕೊಡಲು ಬೇರೇನಿತ್ತು? ಬ್ಯಾಂಕಿನ ಗುಮಾಸ್ತನಾದ ನನಗೆ ತೋಚುವುದಿಷ್ಟು: ಒಬ್ಬರ ಸಹಿಯಿಂದಲೇ ನಡೆಯುವ ಖಾತೆ ಆ ಸಹಿ ತಪ್ಪಿದೊಡನೆ ನಿಂತುಬಿಡುತ್ತದೆ. ಸಮಿತಿಗೂ ಒಂದೇ ಬೇಡಿಕೆ, ಬೆರಳೆಣಿಕೆಯ ನಾಯಕರು. ಎರಡನೆಯ ಸಾಲು ಬೆಳೆಯಲಿಲ್ಲ.

ಆದರೆ ಖಾತೆ ನಿಂತರೂ ಹಣ ಅಲ್ಲೇ ಇರುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿತು. 2021ರಲ್ಲಿ ಮಂಜೇಶ್ವರದ ಶಾಸಕರಾಗಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದವರು ಮುಸ್ಲಿಂ ಲೀಗಿನ ಎ.ಕೆ.ಎಂ. ಅಶ್ರಫ್. ಸಮಿತಿ ಇಲ್ಲದಿದ್ದರೂ ಕನ್ನಡದ ಮತದಾರನನ್ನು ಯಾವ ಪಕ್ಷವೂ ಮರೆಯುವಂತಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇನ್ನೊಬ್ಬ ಭಂಡಾರಿಯವರಿಗಾಗಿ ಕಾಯುತ್ತ ಕೂರುವುದು ಬೇಡ. ನಮ್ಮಲ್ಲಿ ಎಷ್ಟು ಮಂದಿ ಪಂಚಾಯತಿಗೆ ಕನ್ನಡದಲ್ಲಿ ಅರ್ಜಿ ಬರೆಯುತ್ತೇವೆ? ಎಷ್ಟು ಮನೆಯ ಮಕ್ಕಳು ಕನ್ನಡ ತರಗತಿಯಲ್ಲಿದ್ದಾರೆ? ಬಳಸದ ಹಕ್ಕನ್ನು ಯಾವ ನಾಯಕನೂ ಉಳಿಸಿಕೊಡಲಾರ.